ಒಣ ಕಸದ ಚೀಲಕ್ಕೆ ಹಾಕುವ ಮುನ್ನ

ಬೆಂಗಳೂರಿನ ಮನೆಗಳು ಕಸವನ್ನು ಎರಡು ಬುಟ್ಟಿ ಮತ್ತು ಒಂದು ಚೀಲದಲ್ಲಿ ಬೇರ್ಪಡಿಸಿಯೇ ಕೊಡಬೇಕೆಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡ್‌ಗಳಂಥ ತ್ಯಾಜ್ಯ, ಚೀಲಕ್ಕೆ ಒಣ ಕಸ ಎಂಬ ಕ್ರಮ ಈಗ ಬಹುತೇಕರಿಗೆ ತಿಳಿದಿದೆ. ಆದರೆ ಚೀಲಕ್ಕೆ ಬಿದ್ದದ್ದೆಲ್ಲ ಮರುಬಳಕೆಗೆ ಹೋಗುವುದಿಲ್ಲ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರದಲ್ಲಿ ಅದನ್ನು ಕೈಯಿಂದಲೇ ವಿಂಗಡಿಸುತ್ತಾರೆ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಅನೇಕರು ಇಂದು ಆ ಕೆಲಸದಲ್ಲಿದ್ದಾರೆ. ಮೊಸರು ಹುಳಿತ ಪ್ಯಾಕೆಟ್ಟೊಂದು ಇಡೀ ಚೀಲದ ಕಾಗದವನ್ನು ಕೆಡಿಸಿದರೆ ಅವರ ಶ್ರಮವೂ ಸಂಪಾದನೆಯೂ ಕೆಡುತ್ತವೆ.

ಆದ್ದರಿಂದ ಮೊದಲು ಹಾಲಿನ ಪ್ಯಾಕೆಟ್ಟಿನಿಂದ ಆರಂಭಿಸಿ. ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯದೆ, ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸೀಳಿ, ಏಕೆಂದರೆ ಅಷ್ಟು ಸಣ್ಣ ಚೂರನ್ನು ಯಾರೂ ಆಯ್ದು ತೆಗೆಯಲಾರರು. ಪಾತ್ರೆ ತೊಳೆದು ಉಳಿದ ನೀರಿನಲ್ಲಿ ಒಮ್ಮೆ ಜಾಲಾಡಿಸಿ, ಸಿಂಕಿನ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿದರೆ ಸಾಕು. ಇದಕ್ಕೆಂದೇ ಹೊಸ ನೀರು ಖರ್ಚು ಮಾಡಬೇಕಾಗಿಲ್ಲ. ಎಣ್ಣೆಯ ಪ್ಯಾಕೆಟ್ಟಿಗೆ ಮಾತ್ರ ತುಸು ಸೋಪು ಬೇಕಾಗುತ್ತದೆ. ಜ್ಯೂಸಿನ ಟೆಟ್ರಾ ಪ್ಯಾಕ್‌ನಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಪದರಗಳಾಗಿ ಇರುವುದರಿಂದ ಅದನ್ನು ಕಾಗದದ ಜೊತೆ ಸೇರಿಸದೆ, ತೊಳೆದು ಚಪ್ಪಟೆ ಮಾಡಿ ಬೇರೆಯಾಗಿ ಕಟ್ಟಿಡಿ.

ಬೋಂಡ ಕಟ್ಟಿಕೊಟ್ಟ ಎಣ್ಣೆಯ ಪತ್ರಿಕೆ ನೋಡುವುದಕ್ಕೆ ಕಾಗದವೇ ಆದರೂ ಕಾಗದದ ಗಿರಣಿಗೆ ಆಗಿಬರುವುದಿಲ್ಲ. ಚೂರು ಮಾಡಿ ಗೊಬ್ಬರದ ಬುಟ್ಟಿಗೆ ಹಾಕಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಎಂದು ಬರೆದು, ಪೌರಕಾರ್ಮಿಕರ ಕೈಗೆ ಹೇಳಿಯೇ ಕೊಡಿ. ಪ್ಯಾಡ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕುವುದನ್ನೂ ತಪ್ಪಿಸಬಾರದು: ಬಿಚ್ಚಿ ನೋಡುವ ಹೊರೆ ಇನ್ನೊಬ್ಬರ ಮೇಲೆ ಬೀಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಬ್ಯಾಟರಿ, ಚಾರ್ಜರ್, ಕೆಟ್ಟ ಬಲ್ಬುಗಳಿಗೆ ಪ್ರತ್ಯೇಕ ಡಬ್ಬಿಯೊಂದಿರಲಿ.

ಒಣ ಕಸವನ್ನು ನಿಮ್ಮ ಬೀದಿಯಲ್ಲಿ ಯಾವ ದಿನ ಒಯ್ಯುತ್ತಾರೆಂದು ಆಟೋ ಟಿಪ್ಪರ್‌ನವರನ್ನೇ ಕೇಳಿಕೊಳ್ಳಿ. ಬೇರ್ಪಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಬೆರೆಸುವುದು ಕಂಡರೆ ಅವರೊಡನೆ ಜಗಳಕ್ಕೆ ನಿಲ್ಲದೆ, ದಿನಾಂಕ ಮತ್ತು ಗಾಡಿಯ ಸಂಖ್ಯೆಯೊಂದಿಗೆ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರೆದು ತಿಳಿಸಿ. ನೆರೆಯ ನಾಲ್ಕಾರು ಮನೆಯವರೂ ಸಹಿ ಹಾಕಿದರೆ ಆ ದೂರಿಗೆ ಹೆಚ್ಚು ತೂಕ ಬರುತ್ತದೆ.