ಹಳೇ ಕ್ಯಾಸೆಟ್‌ಗೆ ದಾರಿ ತೋರಿಸಿದ ಗುಂಯ್ ಸದ್ದು

1985ರ ಜೂನ್‌ನಲ್ಲಿ ಬರ್ಕ್ಲಿಯ ಗ್ರೀಕ್ ಥಿಯೇಟರ್‌ನಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡ ನುಡಿಸಿದಾಗ ಜನರ ನಡುವೆ ಕೂತು ರೆಕಾರ್ಡ್ ಮಾಡಿದ ಕ್ಯಾಸೆಟ್ ಗೆಳೆಯರೊಬ್ಬರಿಂದ ನನ್ನ ಕೈಗೆ ಬಂತು. ನಕಲಲ್ಲ, ಮೂಲವೇ. ರೆಕಾರ್ಡ್ ಮಾಡುವವರಿಗೆಂದೇ 1984ರಿಂದ ಬೇರೆ ಜಾಗ ಬಿಟ್ಟುಕೊಟ್ಟ ತಂಡವದು. ಮಾರದೆ ಹಂಚಿಕೊಳ್ಳಲು ಅವರ ಅಡ್ಡಿಯಿರಲಿಲ್ಲ. ಆ ದೊಡ್ಡ ಮನಸ್ಸಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಮೊದಲ ಸಲ ಹಾಕಿದಾಗ ಕಂಬಳಿ ಹೊದಿಸಿದಂಥ ಸದ್ದು. ರೆಕಾರ್ಡ್ ಮಾಡಿದ ಯಂತ್ರದಲ್ಲಿ ಟೇಪಿಗೆ ತಾಗುವ ಭಾಗವಾದ ಹೆಡ್ಡಿನ ಓರೆಗೂ ನನ್ನ ಡೆಕ್ಕಿನ ಓರೆಗೂ ತಾಳೆಯಿರಲಿಲ್ಲ. ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಒಂದು ಕಡೆ ಬಂದಾಗ ಚಪ್ಪಾಳೆ ಫಳಕ್ಕನೆ ತೆರೆದುಕೊಂಡಿತು, ಸಿಂಬಲ್ ಮಿನುಗಿತು. ಮೈ ಜುಮ್ಮೆಂದಿತು.

ಆದರೂ ಶ್ರುತಿ ಏರುತ್ತಲೇ ಹೋಗುತ್ತಿತ್ತು. ಅಂದು ಬ್ಯಾಟರಿ ಇಳಿಯುತ್ತಾ ಟೇಪ್ ನಿಧಾನವಾಗಿ ಓಡಿರಬೇಕು; ಈಗ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ. ಹಾಡುಗಳ ನಡುವಿನ ಮೌನದಲ್ಲಿ ಅಂದಿನ ಸ್ಪೀಕರ್‌ಗಳಿಂದ ಬಂದ ಕರೆಂಟಿನ ಗುಂಯ್ ಸದ್ದು ಸಣ್ಣಗೆ ಸಿಕ್ಕಿತು. ಅಮೆರಿಕದ ಕರೆಂಟು 60 ಹರ್ಟ್ಸ್, ಹಾಗಾಗಿ ಅದು 60 ಅಥವಾ ಅದರ ದುಪ್ಪಟ್ಟಿನಲ್ಲಿರಬೇಕು. ಕಂಪ್ಯೂಟರಿಗೆ ಹಾಕಿ ನೋಡಿದರೆ, ಆ ಸದ್ದನ್ನು ತೋರಿಸುವ ಗೆರೆ ನನ್ನ ಟೇಪಿನ ಕೊನೆಗೆ 62ರಲ್ಲಿತ್ತು. ಆ ಗೆರೆಯನ್ನೇ ಹಿಡಿದು, ತುಸುತುಸುವೇ ವೇಗ ತಗ್ಗಿಸಿದೆ.

ಹಿಸ್, ಅಂದರೆ ಟೇಪಿನ ‘ಸ್ಸ್’ ಸದ್ದು ತೆಗೆಯುವ ಸಾಫ್ಟ್‌ವೇರ್ ಮುಟ್ಟಲಿಲ್ಲ. ಅದು ಜನರ ಉಸಿರನ್ನೂ ಒರೆಸಿಬಿಡುತ್ತದೆ. ಸದ್ದಿನ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಮಾಡಿ, ಏನೇನು ತಿದ್ದಿದೆನೆಂದು ಬರೆದಿಟ್ಟು, ತಿದ್ದದ ಪ್ರತಿಯನ್ನೂ ಜೊತೆಗಿಟ್ಟು ಉಚಿತವಾಗಿ ಬಿಡುಗಡೆ ಮಾಡಿದೆ. ಮೊದಲ ಪ್ರತಿ ಹೋದದ್ದು ಆ ಗೆಳೆಯರಿಗೆ.