ಉಪ್ಪಾಗೆ ಸಿಪ್ಪೆಯಿಂದ ಇಲಿಗಳ ಕೊಲೆಸ್ಟರಾಲ್ ಇಳಿಸಿದ ನನ್ನ ಅನುಭವ

ಉಪ್ಪಾಗೆ, ಅಂದರೆ ಮಲೆನಾಡಿನಲ್ಲಿ ಹುಳಿಗೆ ಬಳಸುವ ಹಣ್ಣಿನ ಸಿಪ್ಪೆಯ ಮೇಲೆ, ಇಲಿಗಳಿಗೆ ಕೊಲೆಸ್ಟರಾಲ್ ತಿನ್ನಿಸದೆಯೇ ಕೊಲೆಸ್ಟರಾಲ್ ಪ್ರಯೋಗ ಮಾಡುತ್ತೇನೆಂದಾಗ ನಮ್ಮ ವಿಭಾಗದಲ್ಲಿ ನಕ್ಕವರೇ ಹೆಚ್ಚು. ಈಗ ಫಲಿತಾಂಶ ಕೈಗೆ ಬಂದಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ಸುತ್ತಿನಲ್ಲಿ ವಿಸ್ಟಾರ್ ಎಂಬ ಪ್ರಯೋಗಾಲಯದ ತಳಿಯ ಇಲಿಗಳಿಗೆ ಎಲ್ಲರೂ ಕೊಡುವ ಆಹಾರವನ್ನೇ, ಅಂದರೆ ವನಸ್ಪತಿಯ ಜೊತೆ ಶೇ. 1ರಷ್ಟು ಕೊಲೆಸ್ಟರಾಲ್ ಮತ್ತು ಅದು ಮೈಗೆ ಹತ್ತಲು ನೆರವಾಗುವ ಪಿತ್ತದ ಕೋಲಿಕ್ ಆಮ್ಲವನ್ನು ಶೇ. 0.5ರಷ್ಟು ಬೆರೆಸಿ ಕೊಟ್ಟೆವು. ಆ ಎರಡು ಪುಡಿಗಳಿಗೇ ಹದಿನೆಂಟು ಸಾವಿರದಷ್ಟು ಹೋಯಿತು. ಶಿವಮೊಗ್ಗದ ಮಳೆಗಾಲದ ತೇವಕ್ಕೆ ಉಂಡೆಗಳಿಗೆ ಬೂಷ್ಟು ಹಿಡಿಯಿತು. ಇಲಿಗಳು ಮೂಸಿ ನೋಡಿ ಮೂಲೆಗೆ ತಳ್ಳಿದವು. ಕೊನೆಗೆ, ಹೋಲಿಕೆಗೆಂದು ಕೊಲೆಸ್ಟರಾಲ್ ಇಳಿಸುವ ಔಷಧಿ ಅಟೋರ್ವಾಸ್ಟಾಟಿನ್ ಕೊಟ್ಟ ಗುಂಪಿನಲ್ಲಿ ಕೊಲೆಸ್ಟರಾಲ್ ಇಳಿಯಿತು, ಉಪ್ಪಾಗೆ ಗುಂಪಿನಲ್ಲಿ ಮಾತ್ರ ಅಲುಗಾಡಲೇ ಇಲ್ಲ.

ಕಾರಣ ಇಷ್ಟೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅವರು 1965ರಲ್ಲಿ ಈ ಹಣ್ಣಿನಲ್ಲಿ ಗುರುತಿಸಿದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ತಡೆಯುವುದು ಸಕ್ಕರೆಯಿಂದ ಕೊಬ್ಬು ತಯಾರಾಗುವ ದಾರಿಯನ್ನು. ಕೊಬ್ಬನ್ನೇ ತಿನ್ನಿಸಿದರೆ ಇಲಿಯ ಯಕೃತ್ತಿನಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಸಾಲದ್ದಕ್ಕೆ, ಪೇಟೆಯಲ್ಲಿ ಸಿಗುವ ಸಿಪ್ಪೆ ಬೆಂಕಿಯ ಮೇಲೆ ಹೊಗೆಯಲ್ಲಿ ಒಣಗಿದ್ದು. ಆ ಬಿಸಿಗೆ, ಮೇಲಿಂದ ಕಾಯಿಸಿ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣದ ಬಿಸಿಗೆ, ಆಮ್ಲದ ಒಂದು ಪಾಲು ಅಷ್ಟಾಗಿ ಕೆಲಸ ಮಾಡದ ಲ್ಯಾಕ್ಟೋನ್ ರೂಪಕ್ಕೆ ತಿರುಗಿಬಿಡುತ್ತದೆ.

ಎರಡನೇ ಸುತ್ತಿಗೆ ಹೊಸನಗರದ ಕಡೆಯಿಂದ ಹಸಿ ಹಣ್ಣನ್ನೇ ತರಿಸಿ, ಸಿಪ್ಪೆಯನ್ನು ತಣ್ಣೀರಿನಲ್ಲಿ ನೆನೆಹಾಕಿ ರಸ ತೆಗೆದೆವು. ಸ್ಪಿರಿಟ್ ಬೀಳುತ್ತಿದ್ದಂತೆ ರಸವು ಒಡೆದ ಹಾಲಿನಂತಾಗಿ ಹಣ್ಣಿನ ಅಂಟಾದ ಪೆಕ್ಟಿನ್ ಎಳೆಎಳೆಯಾಗಿ ಮೇಲೇಳುತ್ತದೆ; ಅದನ್ನು ಆಗಲೇ ತೆಗೆಯದಿದ್ದರೆ ಮುಂದೆ ಸೋಸುವ ಕಾಗದ ಕಟ್ಟಿಕೊಂಡು ದಿನವೇ ಹಾಳಾಗುತ್ತದೆ. ಅನಂತರ ಸುಣ್ಣ ಬೆರೆಸಿ ಕ್ಯಾಲ್ಸಿಯಂ ಲವಣ ಮಾಡಿಕೊಂಡೆವು. ಯಾವ ಪಿಎಚ್‌ಗೆ ಸುಣ್ಣ ನಿಲ್ಲಿಸಿದೆವು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆಹಾರ ಮಾಮೂಲಿಯದೇ, ಕುಡಿಯುವ ನೀರಿಗೆ ಮಾತ್ರ ಶೇ. 10ರಷ್ಟು ಫ್ರಕ್ಟೋಸ್. ಫ್ರಕ್ಟೋಸ್ ಬದಲು ಜೋನಿ ಬೆಲ್ಲ ಹಾಕಿಯೂ ಒಂದು ಪುಟ್ಟ ಗುಂಪನ್ನು ನೋಡಿದೆ. ಇಲಿಗಳು ಮುಗಿಬಿದ್ದು ಕುಡಿದವು, ಆದರೆ ಬಾಟಲಿಯಲ್ಲಿ ರಾತ್ರಿ ಕಳೆಯುವುದರೊಳಗೆ ಹುಳಿ ಬಂದು ಲೆಕ್ಕಕ್ಕೆ ಸಿಗದಾಯಿತು. ಪ್ರತಿ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಲವಣವನ್ನು ಸಂಜೆ ಕೊಡಬೇಕು, ಏಕೆಂದರೆ ಇಲಿ ತಿನ್ನುವುದು ರಾತ್ರಿ. ಬೆಳಿಗ್ಗೆ ಕೊಟ್ಟ ಗುಂಪಿನಲ್ಲಿ ಅರ್ಧದಷ್ಟೂ ಪರಿಣಾಮ ಕಾಣಲಿಲ್ಲ.

ಆರು ವಾರಗಳ ಕೊನೆಗೆ ಟ್ರೈಗ್ಲಿಸರೈಡ್ 150ರ ಆಸುಪಾಸಿನಿಂದ 100ಕ್ಕೆ, ಒಟ್ಟು ಕೊಲೆಸ್ಟರಾಲ್ 95ರಿಂದ 78ರ ಹತ್ತಿರಕ್ಕೆ ಇಳಿದಿತ್ತು. ಕೊಲೆಸ್ಟರಾಲ್ ಮಟ್ಟಿಗೆ ಅಟೋರ್ವಾಸ್ಟಾಟಿನ್ನೇ ಮುಂದು, ಟ್ರೈಗ್ಲಿಸರೈಡ್‌ನಲ್ಲಿ ನಮ್ಮ ಉಪ್ಪಾಗೆ ಸೋತಿಲ್ಲ. ಖರ್ಚು ಮೊದಲ ಸುತ್ತಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅದರಲ್ಲೂ ದೊಡ್ಡ ಪಾಲು ರಕ್ತ ಪರೀಕ್ಷೆಯ ಕಿಟ್‌ಗಳದು. ಉಪ್ಪಾಗೆ ಮಾತ್ರೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳಿರುವುದರಿಂದ ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿಯನ್ನೂ ನೋಡಿದೆವು. ಇಲಿಗಳಲ್ಲಿ ಅದು ಏರಲಿಲ್ಲ, ಆದರೂ ಇಷ್ಟರ ಮೇಲೆ ಯಾರಿಗೂ ಸಿಪ್ಪೆಯ ಕಷಾಯ ಕುಡಿಯಿರೆಂದು ನಾನು ಹೇಳುವುದಿಲ್ಲ.