ಹೊಸ ಸೈಕಲ್‌ಗೆ ಮುಂಚೆ ಚೈನ್ ಅಳೆಯಿರಿ
ಎರಡು ಮೂರು ವರ್ಷ ಆದರೆ ಸಾಕು, ಹೊಸ ಸೈಕಲ್ ಮೇಲೆ ಕಣ್ಣು ಬೀಳುತ್ತದೆ, ಅಲ್ವಾ? ನನಗೂ ಹಾಗೇ ಆಗಿತ್ತು. ತುಳಿದರೆ ಕಟಕಟ ಸದ್ದು, ಗೇರ್ ಜಾರುತ್ತಿತ್ತು. ಸೈಕಲ್ ಕಥೆ ಮುಗೀತು ಅಂದುಕೊಂಡೆ. ಆಮೇಲೆ ಸ್ಕೇಲ್ ಹಿಡಿದು ಚೈನ್ ಅಳೆದೆ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಅದರ ಮೇಲೆ ಇಂಚಿನ 1/16 ಭಾಗ ಜಾಸ್ತಿ ಬಂತೆಂದರೆ ಚೈನ್ ಸವೆದಿದೆ. ಆಗಲೇ ಬದಲಿಸಿದರೆ ಹಿಂದಿನ ಹಲ್ಲುಚಕ್ರ ಉಳಿಯುತ್ತದೆ. ನಾನು ತಡ ಮಾಡಿ ಎರಡನ್ನೂ ಹಾಕಿಸಬೇಕಾಯಿತು. ಆದರೂ ಹೊಸ ಸೈಕಲ್‌ಗಿಂತ ಎಷ್ಟೋ ಕಡಿಮೆ ಖರ್ಚು.

ಫ್ರೇಮ್ ಬಿರುಕು ಬಿಟ್ಟಿದ್ದರೆ, ಅಥವಾ ಅದರ ಅಳತೆಯೇ ನಿಮಗೆ ಹೊಂದದೆ ಮಂಡಿ, ಸೊಂಟ ನೋಯುತ್ತಿದ್ದರೆ ಹೊಸದು ನೋಡಿ. ಮಣ್ಣುದಾರಿ ಹಿಡಿದವರದು ಬೇರೆ ವಿಷಯ, ಹಳೇ ರೋಡ್ ಬೈಕ್‌ನ (ಟಾರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಸೈಕಲ್) ಫ್ರೇಮಿಗೆ ದಪ್ಪ ಟೈರ್ ಹಿಡಿಸುವುದಿಲ್ಲ. ಬಣ್ಣ ಬೇಜಾರಾಯ್ತು ಅನ್ನೋದೂ ಒಂದು ಕಾರಣವೇ ಬಿಡಿ, ಮನೆಯಲ್ಲಿ ಮಾತ್ರ ಹಾಗೆ ಹೇಳಬೇಡಿ.